ಗದಿಗೆಮ್ಮನ ಎಡೆಗೆ ಘಟಸರ್ಪದ ಸಾರು

ಅಂಬಣ್ಣನ ಬಾಯಲ್ಲಿ ಎಲ್ಲ ಮಾತೂ ಬರುತ್ತಿದ್ದವು, "ಗೊತ್ತಿಲ್ಲ" ಎಂಬುದೊಂದನ್ನು ಬಿಟ್ಟು. ಅವನ ಮನೆ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ. ರೈಲಿಳಿದು ಗಂಟು ಹೊತ್ತು ಬಂದವರು ಅವನ ಕಟ್ಟೆಯ ಮುಂದೆ ನಿಂತು ಇಂಥ ಲಾಡ್ಜ್ ಎಲ್ಲಿ, ಇಂಥ ಆಸ್ಪತ್ರೆ ಎಲ್ಲಿ ಎಂದು ಕೇಳುವುದು ದಿನದ ಮಾತು. ಅಂಬಣ್ಣ ಹೆಗಲಿನ ಟವೆಲ್ಲು ಸರಿಮಾಡಿಕೊಂಡು, ಕೈ ಚಾಚಿ, ಎಡಕ್ಕೆ ಹೊರಳ್ರಿ, ಬಲಕ್ಕೆ ಹೊರಳ್ರಿ ಎಂದು ಬಲು ಖಚಿತವಾಗಿ ಹೇಳಿ ಕಳಿಸುತ್ತಿದ್ದ. ಕಣ್ಣಿನ ಆಸ್ಪತ್ರೆಗೆ ಹೊರಟ ಮುದುಕನೊಬ್ಬ ಅವನ ಮಾತು ನಂಬಿ ನಡೆದು, ಕಟ್ಟಿಗೆಯ ಅಡ್ಡೆ ಸೇರಿ, ಅಲ್ಲಿ ಸಂಜೆಯ ತನಕ ತನ್ನ ಸರದಿ ಕಾಯುತ್ತ ಕೂತಿದ್ದನಂತೆ.

ಹೀಗಾಗುವುದು ಗೊತ್ತಿದ್ದ ಅವನ ಹೆಂಡತಿ ಗದಿಗೆಮ್ಮ ಬಾಗಿಲ ಹಿಂದೆಯೇ ನಿಂತಿರುತ್ತಿದ್ದಳು. ಗಂಡ ಒಳಗೆ ಬಂದ ಮೇಲೆ, ನೀರು ಚೆಲ್ಲುವ ನೆವ ಮಾಡಿ ಹೊರಗೆ ಹೋಗಿ, ದೂರ ಹೋಗುತ್ತಿದ್ದವರನ್ನು ಮೆಲ್ಲಗೆ ಕರೆದು ಸರಿಯಾದ ದಾರಿ ತೋರಿಸಿ ಬರುತ್ತಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಇದು ಗಲ್ಲಿಗೆಲ್ಲ ಗೊತ್ತಿತ್ತು. ಅಂಬಣ್ಣನಿಗೊಬ್ಬನಿಗೆ ಗೊತ್ತಿರಲಿಲ್ಲ.

ಎದೆಯ ರೋಗ ಬಂದು ಆಕೆ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಮಕ್ಕಳಿರಲಿಲ್ಲ. ಸುಲ್ತಾನ್ ಬಜಾರಿನಲ್ಲಿ ಅಂಬಣ್ಣನಿಗೊಂದು ಗೂಡಂಗಡಿ. ಸೀರೆಯ ಫಾಲು, ಲಂಗದ ಬಟ್ಟೆ, ದಾರದ ಉಂಡೆ ಮಾರುತ್ತಿದ್ದ. ಬೆಳಿಗ್ಗೆ ಅಂಗಡಿಗೆ ಹೋಗಿ ಸಂಜೆ ಬರುತ್ತಿದ್ದ, ಕಟ್ಟೆಯ ಮೇಲೆ ಕೂರುತ್ತಿದ್ದ, ದಾರಿ ಹೇಳುತ್ತಿದ್ದ. ಈಗ ಆ ದಾರಿ ಹಿಡಿದವರು ಎಲ್ಲೆಲ್ಲಿ ಹೋಗಿ ಮುಟ್ಟುತ್ತಿದ್ದರೋ ದೇವರೇ ಬಲ್ಲ.

ಹೀಗಿರುವಾಗ ಒಂದು ದಿನ ಯಾದಗಿರಿಯಿಂದ ನಾದಿನಿ ಗುಣವತಿಯ ಫೋನು ಬಂತು. ಗದಿಗೆಮ್ಮನ ತಂಗಿ. ವರ್ಷದ ದಿನಕ್ಕೆ ತಾನೇ ಬಂದು ಅಡುಗೆ ಮಾಡುತ್ತೇನೆ ಎಂದಳು. ಅವರ ಕಡೆ ಒಂದು ಪದ್ಧತಿ. ಸತ್ತವರ ಫೋಟೋದ ಮುಂದೆ ಎಡೆ ಇಡುವಾಗ, ಬದುಕಿದ್ದಾಗ ಅವರಿಗೆ ಎಲ್ಲಕ್ಕಿಂತ ಹೆಚ್ಚು ಸೇರುತ್ತಿದ್ದ ಪದಾರ್ಥವನ್ನು ಎಲೆಗೆ ಮೊದಲು ಬಡಿಸಬೇಕು. ಅದನ್ನು ಮನೆಯ ಯಜಮಾನನೇ ಬಡಿಸಬೇಕು. ಮೊದಲ ತುತ್ತು ಮನಸ್ಸಿಗೆ ಬಂದದ್ದಾಗದಿದ್ದರೆ ಸತ್ತವರು ಉಣ್ಣದೆ ಎದ್ದು ಹೋಗುತ್ತಾರೆ ಎಂದು ನಂಬಿಕೆ.

"ಮಾವ, ಅಕ್ಕಗ ಏನು ಭಾಳ ಸೇರತಿತ್ತರಿ? ಅದರ ಸಾಮಾನು ನಾನು ಊರಿಂದ ತರತೀನಿ," ಎಂದು ಗುಣವತಿ ಕೇಳಿದಳು. ಅಕ್ಕನ ಗಂಡನನ್ನೂ ಅವರ ಕಡೆ ಮಾವ ಎಂದೇ ಕರೆಯುವುದು.

ಅಂಬಣ್ಣ ಬಾಯಿ ತೆರೆದ. ಎಣ್ಣೆಗಾಯಿ ಎಂದು ನಾಲಿಗೆಯ ತುದಿಗೆ ಬಂತು. ಅದು ಅವನಿಗೆ ಸೇರುತ್ತಿದ್ದದ್ದು. ಶೇಂಗಾ ಹೋಳಿಗೆ? ಅದೂ ಅವನದೇ. ಪುಂಡಿ ಪಲ್ಯ, ಅಗಸಿ ಚಟ್ನಿ, ಕಟ್ಟಿನ ಸಾರು, ನೆನಪು ಮಾಡಿಕೊಂಡಷ್ಟೂ ಬರುತ್ತಿದ್ದವು. ಬಂದದ್ದೆಲ್ಲ ಅವನ ತಾಟಿನೊಳಗಿಂದಲೇ ಬರುತ್ತಿತ್ತು. ಆಕೆಯ ತಾಟು ಹೇಗಿತ್ತು ಎಂದು ಯೋಚಿಸಿದ. ಅವನು ಉಂಡು, ಎದ್ದು, ಹಿತ್ತಲಿಗೆ ಹೋಗಿ ಕೈ ತೊಳೆದು, ಕಟ್ಟೆಗೆ ಹೋಗಿ ಕೂತ ಮೇಲೆ ಆಕೆ ಉಣ್ಣಲು ಕೂರುತ್ತಿದ್ದಳು. ಆ ತಾಟನ್ನು ಅವನು ನೋಡಿರಲೇ ಇಲ್ಲ.

ಇಂಥ ಹೊತ್ತಿನಲ್ಲಿ ಮನುಷ್ಯ ಒಂದು ಕ್ಷಣ ಸುಮ್ಮನಿದ್ದರೆ ಮುಂದಿನ ಎಷ್ಟೋ ತಾಪತ್ರಯ ತಪ್ಪುತ್ತದೆ. ಆದರೆ ಪಕ್ಕದ ಮನೆಯ ಉಮಾಬಾಯಿ ಒಯ್ದಿದ್ದ ಬೋಗುಣಿ ವಾಪಸು ಕೊಡಲು ಬಂದು ಹೊಸ್ತಿಲಲ್ಲೇ ನಿಂತಿದ್ದಳು, ಫೋನಿನ ಮಾತಿಗೆ ಕಿವಿಯನ್ನು ಪೂರ್ತಿ ಒಪ್ಪಿಸಿ. ಆಕೆಯ ಎದುರಿಗೆ ಅಂಬಣ್ಣ ಸುಮ್ಮನಿರುವುದು ಹೇಗೆ?

"ಒಂದಾ ಎರಡಾ ಹೇಳಾಕ?" ಎಂದ. "ಆಕೀ ಅಡಿಗಿದು ಒಂದು ಪುಸ್ತಕನಽ ಮಾಡಿಸಾಕತ್ತೀನಿ. ವರ್ಷದ ದಿನ ಬಂದವರ ಕೈಗೆಲ್ಲಾ ಹಂಚೋದೈತಿ. ನೀ ಬಾ, ನೋಡೀಯಂತ."

ವರ್ಷದ ಊಟಕ್ಕೆ ಬಂದವರಿಗೆ ಸತ್ತವರ ಫೋಟೋ ಹಾಕಿಸಿದ ಸಣ್ಣ ಪುಸ್ತಕ ಹಂಚುವುದು ಹೊಸದೇನಲ್ಲ. ಭಜನೆಯ ಪದಗಳೋ ದೇವರ ಸ್ತೋತ್ರವೋ ಇರುತ್ತದೆ. ಮನೆಗೆ ಒಯ್ದು ದೇವರ ಜಗಲಿಯ ಮೇಲೆ ಇಟ್ಟು ಮರೆಯುತ್ತಾರೆ. ಅಡುಗೆಯ ಪುಸ್ತಕ ಮಾತ್ರ ಯಾರೂ ಕೇಳಿರಲಿಲ್ಲ. ಉಮಾಬಾಯಿ ಬೋಗುಣಿ ಕೊಡುವುದನ್ನು ಮರೆತು ಹಾಗೇ ಹಿಂದಿರುಗಿದಳು. ದೀಪ ಹಚ್ಚುವುದರೊಳಗೆ ಗಲ್ಲಿಗೆ ಗೊತ್ತಾಯಿತು. ಮರುದಿನ ಕನ್ನಡ ಸಂಘದ ಅಧ್ಯಕ್ಷ ಚಂದ್ರಹಾಸರಿಗೂ ಗೊತ್ತಾಯಿತು.

ಚಂದ್ರಹಾಸರು ಕರಾವಳಿಯ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ಸಂಘಕ್ಕೆ ಒಂದು ಶಾಲು, ಒಂದು ಫಲತಾಂಬೂಲದ ತಟ್ಟೆ, ಒಂದು ಮೈಕು ಇದ್ದವು. ಬಿಡುಗಡೆ ಮಾಡಲು ಪುಸ್ತಕವೊಂದೇ ಇರಲಿಲ್ಲ. ಅವರು ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕೂತು, ಹೊರನಾಡಿನಲ್ಲಿ ಗೃಹಿಣಿಯೊಬ್ಬಳ ಪಾಕಜ್ಞಾನ ಅಚ್ಚಾಗುತ್ತಿರುವುದು ಸಾಮಾನ್ಯ ಸಂಗತಿಯಲ್ಲ ಎಂದು, ಲಂಗದ ಬಟ್ಟೆ ಕೊಳ್ಳಲು ಬಂದಿದ್ದ ಇಬ್ಬರು ತೆಲುಗು ಹೆಂಗಸರಿಗೂ ಸೇರಿಸಿ ವಿವರಿಸಿದರು. ಬಿಡುಗಡೆ ತಮ್ಮಿಂದಲೇ ಎಂದು ತಾವೇ ಒಪ್ಪಿಕೊಂಡರು. ಪುಸ್ತಕ ಎಲ್ಲಿಗೆ ಬಂತು ಎಂದಾಗ ಅಂಬಣ್ಣ, ಮುಗಿದಂಗನಽ, ಎಂದ.

ಅಂದು ಸಂಜೆ ಅವನು ಅಡುಗೆಮನೆ ಹೊಕ್ಕು ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿದ. ಎಲ್ಲಾದರೂ ಒಂದು ಡಬ್ಬಿ ಆಕೆಯದಾಗಿರಬಹುದು ಎಂದು ಆಸೆ. ಅಗಸಿ ಪುಡಿ ಘಾಟು ಹೋಗಿ ಮಣ್ಣಿನಂತಾಗಿತ್ತು, ಆದರೂ ಎಸೆದಿರಲಿಲ್ಲ. ಅವನ ಹಲ್ಲಿಗೆ ಹಿತವಾಗಲೆಂದು ಕುಟ್ಟಿಟ್ಟ ಶೇಂಗಾ. ಅವನ ಹೊಟ್ಟೆ ಉಬ್ಬರಕ್ಕೆ ಅಜವಾನ. ಕೊನೆಯ ಮೂಲೆಯಲ್ಲಿ ಕೈಗೆ ಸಿಕ್ಕ ಚಿಕ್ಕ ಡಬ್ಬಿಯನ್ನು ಬಿಚ್ಚಿದರೆ ಅದರಲ್ಲಿ ಅವನ ಹಳೆಯ ಕನ್ನಡಕದ ಸ್ಕ್ರೂ ಇತ್ತು.

ಕಡೆಗೆ ಮೆಟ್ಟಿಲು ಹತ್ತಿದ. ಮೇಲಿನ ಖೋಲಿಯಲ್ಲಿ ಋಷಭ್ ಎಂಬ ಮೈಸೂರಿನ ಹುಡುಗ ಬಾಡಿಗೆಗಿದ್ದ. ಕೊಂಡಾಪುರದ ಕಂಪನಿಯೊಂದರಲ್ಲಿ ಅವನ ಕೆಲಸ. ಕಂಪ್ಯೂಟರಿನಲ್ಲಿ ಹೊಸ ಆಟಗಳು ತಯಾರಾದರೆ ಅವನ್ನು ಆಡಿ ತಪ್ಪು ಹುಡುಕಬೇಕು, ಅಷ್ಟೇ. ಆಡುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ಗಲ್ಲಿಯವರು ನಂಬುತ್ತಿರಲಿಲ್ಲವಾದ್ದರಿಂದ, ಅವನು ವಿಮಾನದ ಎಂಜಿನಿಯರ್ ಎಂದು ಅಂಬಣ್ಣ ಮೊದಲೇ ಎಲ್ಲರಿಗೂ ಹೇಳಿಬಿಟ್ಟಿದ್ದ.

ಪುಸ್ತಕ ಟೈಪು ಮಾಡಿಕೊಡಬೇಕಪ್ಪ, ನಿಮ್ಮ ಅಮ್ಮನ ಅಡಿಗಿದು, ಎಂದು ಅಂಬಣ್ಣ ಶುರುಮಾಡಿದ. ಋಷಭ್ ಗದಿಗೆಮ್ಮನನ್ನು ಅಮ್ಮ ಎಂದೇ ಕರೆಯುತ್ತಿದ್ದ. ಅವನ ಮುಖ ಅರಳಿತು.

"ಯಾವ ಅಡುಗೆ ಅಂಕಲ್? ಗೇಮ್‌ನಲ್ಲಿ ಮಾಡ್ತಿದ್ರಲ್ಲ, ಅದಾ?"

ಅಂಬಣ್ಣನಿಗೆ ಅರ್ಥವಾಗಲಿಲ್ಲ. ಆದರೆ "ಹೂಂ, ಅದನಽ," ಎಂದ.

ಸಂಗತಿ ಹೀಗಿತ್ತು. ಕಾಯಿಲೆ ಹೆಚ್ಚಾದ ಮೇಲೆ ಡಾಕ್ಟರು ಗದಿಗೆಮ್ಮನಿಗೆ, ಅಡುಗೆಯಷ್ಟು ಮುಗಿಸಿ ಒಂದು ಕಡೆ ಕೂತಿರಬೇಕು, ಓಡಾಡಬಾರದು ಎಂದಿದ್ದರು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬರುತ್ತಿದ್ದ ಋಷಭ್, ಆಕೆ ಗೋಡೆ ನೋಡುತ್ತ ಕೂರುವುದನ್ನು ನೋಡಲಾರದೆ, ತನ್ನ ಆಟದ ಪೆಟ್ಟಿಗೆಯನ್ನು ಕೆಳಗಿನ ಟಿವಿಗೆ ಜೋಡಿಸಿ ಜಾಯ್‌ಸ್ಟಿಕ್ಕನ್ನು ಆಕೆಯ ಕೈಗೆ ಕೊಟ್ಟ. ಅದರ ಇಂಗ್ಲಿಷ್ ಹೆಸರು ನಾಲಿಗೆಗೆ ಹೊರಳದೆ, ಮನೆಯಲ್ಲಿ ಅದಕ್ಕೆ ಹಿಮದ ಆಟ ಎಂದೇ ಹೆಸರಾಯಿತು. ಮೂರು ಭಾಗ. ಕತ್ತಿ ಹಿಡಿದ ಒಬ್ಬ ಹೆಂಗಸು, ಅವಳ ಜೊತೆಗೆ ಗಂಟು ಹೊರುವ ಒಬ್ಬ ಗಂಡಸು, ಇಬ್ಬರೂ ಹಿಮದ ಬೆಟ್ಟ ದಾಟಬೇಕು. ಇಬ್ಬರ ತಲೆಯ ಮೇಲೂ ಒಂದೊಂದು ಪುಟ್ಟ ದೀಪ. ಅದು ಅವರ ಜೀವ. ಚಳಿಗೆ, ಗಾಯಕ್ಕೆ ದೀಪ ಸಣ್ಣಗಾಗುತ್ತದೆ. ದಾರಿಯಲ್ಲಿ ಸಿಕ್ಕ ಗಡ್ಡೆ, ಅಣಬೆ, ಜೇನು, ಕೊಂದ ಮೃಗ ಎಲ್ಲವನ್ನೂ ಕೊಪ್ಪರಿಗೆಗೆ ಹಾಕಿ ಬೇಯಿಸಿ ಉಂಡರೆ ದೀಪ ಮತ್ತೆ ಏಳುತ್ತದೆ. ಗದಿಗೆಮ್ಮನಿಗೆ ಕತ್ತಿಯ ಕಡೆ ಲಕ್ಷ್ಯವಿರಲಿಲ್ಲ. ಕೊಪ್ಪರಿಗೆ ಕಂಡದ್ದೇ ತಡ, ಅಲ್ಲೇ ಬಿಡಾರ ಹೂಡಿಬಿಡುತ್ತಿದ್ದಳಂತೆ.

"ಯಾರೂ ಹೇಳಿಕೊಟ್ಟಿರಲಿಲ್ಲ ಅಂಕಲ್. ಇಷ್ಟ ಬಂದಿದ್ದು ಹಾಕಿ ಇಷ್ಟ ಬಂದ ಹಾಗೆ ಮಾಡ್ತಿದ್ರು," ಎಂದ ಋಷಭ್.

ಇಷ್ಟ ಬಂದ ಹಾಗೆ. ಆ ಮಾತು ಅಂಬಣ್ಣನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಆಕೆ ತನ್ನ ಇಷ್ಟ ಬಂದದ್ದನ್ನು ಮಾಡಿದ ಜಾಗ ಈ ಭೂಮಿಯ ಮೇಲೆ ಇದೊಂದೇ ಎಂದಾದರೆ, ಎಡೆಗೆ ಇಡಬೇಕಾದದ್ದೂ ಇದೇ ಅಲ್ಲವೇ? ಅವನಿಗೆ ನೆನಪೂ ಆಯಿತು. ಸಂಜೆ ಅವನು ಬಂದಾಗ ಆಕೆ ನಗುತ್ತ, ಇವತ್ತು ಕರಡಿ ಜೇನಿನ ಗಂಜಿ ಮಾಡಿದ್ದೆ ನೋಡ್ರಿ, ಎನ್ನುತ್ತಿದ್ದಳು. ಅವನು ಚಪ್ಪಲಿ ಬಿಡುತ್ತ, ಹೂಂ, ರೊಟ್ಟಿ ತಾ, ಎನ್ನುತ್ತಿದ್ದ. ಹೇಗಿತ್ತು ಎಂದು ಒಮ್ಮೆಯಾದರೂ ಕೇಳಬಹುದಿತ್ತು.

ಪುಸ್ತಕದ ಕೆಲಸ ಶುರುವಾಯಿತು. ಆಟದ ಮೂರೂ ಭಾಗಗಳಲ್ಲಿದ್ದ ಪದಾರ್ಥಗಳನ್ನು ಋಷಭ್ ಓದಿ ಹೇಳುವುದು, ಅಂಬಣ್ಣ ಅದಕ್ಕೆ ಹೈದರಾಬಾದಿನ ಸಂತೆಯಲ್ಲಿ ಸಿಗುವ ಸಾಮಾನು ಹೊಂದಿಸುವುದು. ಮೊದಲನೆಯದಕ್ಕೇ ತೊಡಕಾಯಿತು. ಘಟಸರ್ಪದ ಬಾಲದ ಸಾರು. ಘಟಸರ್ಪ ಸಿಗುವುದಿಲ್ಲ ಎಂಬುದು ಅಂಬಣ್ಣನಿಗೆ ದೊಡ್ಡ ಚಿಂತೆಯಲ್ಲ. ತಮ್ಮದು ಮಾಂಸ ಮುಟ್ಟದ ಮನೆ ಎಂಬುದು ಚಿಂತೆ. ಬಹಳ ಯೋಚಿಸಿ, ಆಕಾರ ನೋಡಿ, ಪಡವಲಕಾಯಿ ಎಂದು ತೀರ್ಮಾನಿಸಿದ. ಕಲ್ಲುರಾಕ್ಷಸನ ಎದೆಗೆ ಸುವರ್ಣಗಡ್ಡೆ ಬಂತು. ನೀಲಿ ಬೇರಿನ ಸುಟ್ಟ ಪಲ್ಯಕ್ಕೆ ಬದನೆಕಾಯಿ. ಬೆಂಕಿ ಅಣಬೆಗೆ ಮಾತ್ರ, ಋಷಭ್ ಕೊಂಡಾಪುರದ ದೊಡ್ಡ ಅಂಗಡಿಯಿಂದ ಡಬ್ಬಿಯೊಳಗಿನ ಅಣಬೆ ತಂದ. ಬೆಂಕಿಯನ್ನು ಅಂಬಣ್ಣ ಗುಂಟೂರು ಮೆಣಸಿನಕಾಯಿಯಿಂದ ಒದಗಿಸಿದ.

ಪ್ರತಿ ಪದಾರ್ಥದ ಕೆಳಗೆ ಅದರ ಗುಣ ಏನೆಂದು ಆಟದಲ್ಲಿ ಕೊಟ್ಟಿತ್ತು. ಉಂಡವರ ಗಾಯ ಮಾಯುತ್ತದೆ, ಹಿಮದಲ್ಲಿ ನಡೆದರೂ ಚಳಿ ತಟ್ಟುವುದಿಲ್ಲ, ಕತ್ತಿಯೇಟು ಬಿದ್ದರೂ ನಡುಗದೆ ನಿಲ್ಲಬಹುದು. ಇವು ಆಟದೊಳಗಿನ ಮಾತು ಅಂಕಲ್, ಬೇಡ, ಎಂದು ಋಷಭ್ ಎಚ್ಚರಿಸಿದ. ನನಗ ಗೊತ್ತೈತೇಳು, ಎಂದು ಅಂಬಣ್ಣ ಎಲ್ಲವನ್ನೂ ಹಾಕಿಸಿದ.

ಮಾಡಿ ನೋಡದೆ ಅಚ್ಚು ಹಾಕಿಸಬಾರದೆಂದು ಒಂದು ಭಾನುವಾರ ಅವನೇ ಒಲೆ ಹಚ್ಚಿದ. ಬೆಂಕಿ ಅಣಬೆಯ ಘಾಟಿಗೆ ಇಡೀ ಗಲ್ಲಿ ಕೆಮ್ಮಿತು. ಉಮಾಬಾಯಿ ಸೆರಗು ಮೂಗಿಗೆ ಹಿಡಿದು, ಏನು ಸುಡಾಕತ್ತೀರಿ ಎಂದು ಕೇಳಲು ಬಂದವಳು, ಗದಿಗೆಮ್ಮನ ಅಡುಗೆ ಎಂದು ತಿಳಿದದ್ದೇ ಸೆರಗು ಇಳಿಸಿದಳು. ಒಂದು ಚಮಚ ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಯ ಪ್ರತಾಪವೋ ದುಃಖವೋ ಆಕೆಗೇ ತಿಳಿಯಲಿಲ್ಲ.

"ಅದನಽ ರುಚಿ, ಅಣ್ಣಾರ," ಎಂದಳು. "ನನ್ನ ಮಗಳ ನಿಶ್ಚಯಕ್ಕ ಅಕ್ಕಾರು ಇದನ್ನ ಮಾಡಿಕೊಟ್ಟಿದ್ದರಲ್ಲ, ಮರೆಯೋದಾ?"

ಅಂಬಣ್ಣ ಬೆರಗಾದ. ಹಾಗಾದರೆ ಆಟದೊಳಗಿನದು ಆಟದ ಹೊರಗೂ ಆಗಿತ್ತೇ? ತನಗೊಬ್ಬನಿಗೇ ಗೊತ್ತಿರಲಿಲ್ಲವೇ? ಆ ರಾತ್ರಿ ಅವನಿಗೆ ಒಂದು ಬಗೆಯ ಸಮಾಧಾನವೂ ಒಂದು ಬಗೆಯ ಹೊಟ್ಟೆಕಿಚ್ಚೂ ಆಯಿತು.

ಫೋಟೋದ್ದು ಮತ್ತೊಂದು ಕಥೆ. ಗದಿಗೆಮ್ಮನ ಫೋಟೋ ಎಂದು ಸಿಕ್ಕದ್ದು ಒಂದೇ. ಯಾರದೋ ಮದುವೆಯಲ್ಲಿ ಪಂಕ್ತಿಯ ನಡುವೆ ಸೌಟು ಎತ್ತಿ ಬಡಿಸುತ್ತಿದ್ದಾಗ ತೆಗೆದದ್ದು. ಸುಲ್ತಾನ್ ಬಜಾರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸುಬ್ಬಣ್ಣ ಅಕ್ಕಪಕ್ಕದವರನ್ನೆಲ್ಲ ಕತ್ತರಿಸಿ ತೆಗೆದು, ಸೌಟು ಚಂದ ಕಾಣುವುದಿಲ್ಲವೆಂದು ಅದನ್ನೂ ಅಳಿಸಿಬಿಟ್ಟ. ಈಗ ಗದಿಗೆಮ್ಮ ಬಲಗೈ ಎತ್ತಿ ಲೋಕಕ್ಕೆಲ್ಲ ಅಭಯ ಕೊಡುತ್ತಿರುವಂತೆ ಕಂಡಳು.

ಆ ಕೈ ಮತ್ತು ಒಳಗಿನ ಗುಣವಿಶೇಷ ಎರಡೂ ಕೂಡಿ ಆಗಬಾರದ್ದು ಆಯಿತು. ಸುಬ್ಬಣ್ಣನ ತಾಯಿಗೆ ಮೊಳಕಾಲು ನೋವು. ಪ್ರೂಫು ಓದುವಾಗ, ಘಟಸರ್ಪದ ಸಾರು ಒಂದು ಬಟ್ಟಲು ಕುಡಿದವರು ಬೆಟ್ಟ ಹತ್ತುತ್ತಾರೆ ಎಂಬುದನ್ನು ಕಂಡು ಅವನು ಮನೆಯಲ್ಲಿ ಮಾಡಿಸಿದ. ಮುದುಕಿ ಪಡವಲಕಾಯಿ ಸಾರು ಕುಡಿದು ಸುಖವಾಗಿ ನಿದ್ದೆ ಮಾಡಿ, ಬೆಳಿಗ್ಗೆ ಹಾಲಿನ ಅಂಗಡಿಯ ತನಕ ನಡೆದುಬಂದಳು. ಸುಬ್ಬಣ್ಣ ಬಜಾರಿಗೆಲ್ಲ ಹೇಳಿದ. ಗೂಡಂಗಡಿಯ ಮುಂದೆ ಜನ ಬರತೊಡಗಿದರು, ಫಾಲಿಗಲ್ಲ, ಪುಸ್ತಕಕ್ಕೆ. ಬಜಾರಿನ ಬೀಟು ಪೊಲೀಸಿನವನು ಲಾಠಿ ಊರಿಕೊಂಡು ಬಂದು, ಕತ್ತಿಯೇಟಿಗೆ ಆಗುವುದಾದರೆ ಕಾಲಿನ ಆಣಿಗೂ ಆಗಬಹುದೇ ಎಂದು ಹಿಂದಿಯಲ್ಲಿ ಗುಟ್ಟಾಗಿ ವಿಚಾರಿಸಿದ. ಬೇರೆ ಯಾರಾದರೂ ಅದಕ್ಕೆ ಏನು ಹೇಳುತ್ತಿದ್ದರೋ, ಅಂಬಣ್ಣ ಎರಡು ಬಟ್ಟಲು ಎಂದ.

ಕೇಳಿದವರಿಗೆಲ್ಲ ಅವನು, ನಮ್ಮ ಮನ್ಯಾಕಿಗೆ ಇದು ಭಾಳ ಸೇರತಿತ್ತರಿ, ಎಂದು ಸೇರಿಸುತ್ತಿದ್ದ. ಹೇಳುತ್ತ ಹೇಳುತ್ತ ಅದು ಅವನಿಗೇ ನಿಜವಾಗುತ್ತ ಬಂತು. ಗದಿಗೆಮ್ಮ ಒಲೆಯ ಮುಂದೆ ಕೂತು ಪಡವಲಕಾಯಿ ಸಾರನ್ನು ಸೊರ್ ಸೊರ್ ಎಂದು ಕುಡಿಯುವುದನ್ನು ಕಣ್ಣಾರೆ ಕಂಡಂತೆ ಎಷ್ಟೋ ಸಲ ಅನಿಸಿತು. ಆದರೆ ಮುಖದ ತನಕ ಬಂದು ಆ ಚಿತ್ರ ನಿಂತುಬಿಡುತ್ತಿತ್ತು. ಉಣ್ಣುವಾಗ ಅವಳ ಮುಖ ಹೇಗಿರುತ್ತಿತ್ತೆಂದು ತಿಳಿಯದೆ ಮುಂದೆ ಕಟ್ಟಿಕೊಳ್ಳಲು ಬರುತ್ತಿರಲಿಲ್ಲ.

ವರ್ಷದ ದಿನ ಬಂತು. ಗುಣವತಿ ಹಿಂದಿನ ದಿನವೇ ಬಂದಿದ್ದಳು. ಪುಸ್ತಕ ಓದಿದಳು, ಭಾವನ ಮುಖ ನೋಡಿದಳು. ಬರೆದದ್ದು ಬರೆದ ಹಾಗೆ ಎಲ್ಲವನ್ನೂ ಮಾಡಿಟ್ಟಳು. ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಸಂಘದ ಮೈಕು ಬಂದಿತ್ತು. ಗಲ್ಲಿಯವರು, ಬಜಾರಿನವರು, ಊರಿನ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವ ಪರಿಚಯಸ್ಥರು, ಋಷಭನ ಇಬ್ಬರು ಗೆಳೆಯರು, ಆಣಿಯ ಪೊಲೀಸಿನವನು ಕೂಡ ಬಂದು ಕೂತಿದ್ದರು. ಅವನು ಚಪ್ಪಲಿ ಬಿಟ್ಟು, ಕೈ ಎತ್ತಿದ ಫೋಟೋಕ್ಕೆ ನಮಸ್ಕಾರ ಮಾಡಿದ್ದನ್ನು ನೋಡಿ ಹಿಂದಿನವರೂ ಸಾಲಾಗಿ ಮಾಡಿದರು.

ಚಂದ್ರಹಾಸರು ಪುಸ್ತಕ ಬಿಡುಗಡೆ ಮಾಡಿ ಮಾತಾಡಿದರು. ಘಟಸರ್ಪದ ಸಾರು ಕಲ್ಯಾಣ ಕರ್ನಾಟಕದ ಬಹು ಪುರಾತನ ಖಾದ್ಯವೆಂದೂ, ಅದು ಅಳಿದುಹೋಯಿತೆಂದು ವಿದ್ವಾಂಸರು ಕೈಚೆಲ್ಲಿದ್ದಾಗ ಈ ತಾಯಿ ಕಾಚಿಗೂಡದ ಒಂದು ಒಲೆಯ ಮೇಲೆ ಅದನ್ನು ಉಳಿಸಿಕೊಂಡು ಬಂದಳೆಂದೂ ಹೇಳಿದರು. ರಾಜ್ಯೋತ್ಸವದ ದಿನ ಆಕೆಯ ಕೈಯಿಂದ ತಾವೇ ಒಂದು ಬಟ್ಟಲು ಕುಡಿದದ್ದನ್ನು ನೆನೆದು ಗಂಟಲು ಸರಿಮಾಡಿಕೊಂಡರು. ಮೇಲೆ ಮೆಟ್ಟಿಲ ಮೇಲೆ ನಿಂತಿದ್ದ ಋಷಭ್ ಗಾಬರಿಯಿಂದ ಅಂಬಣ್ಣನ ಕಡೆ ನೋಡಿದ. ಸಭೆಗೆ ಹುರುಪು ಬಂತು. ಒಬ್ಬರಿಗೆ ನೀಲಿ ಬೇರಿನ ಪಲ್ಯ ನೆನಪಾಯಿತು, ಮತ್ತೊಬ್ಬರಿಗೆ ಕರಡಿ ಜೇನಿನ ಗಂಜಿ. ಉಮಾಬಾಯಿಯ ಮಗಳ ನಿಶ್ಚಯ ಮತ್ತೆ ಬಂತು, ಈ ಸಲ ಇನ್ನೂ ಎರಡು ಪದಾರ್ಥ ಕೂಡಿಕೊಂಡು. ಎಲ್ಲರೂ ಗದಿಗೆಮ್ಮನ ಕೈಯ ಊಟ ಉಂಡವರೇ, ಅದು ಸುಳ್ಳಲ್ಲ. ಏನು ಉಂಡೆವು ಎಂಬುದು ಮಾತ್ರ ಯಾರಿಗೂ ನೆನಪಿರಲಿಲ್ಲ. ಇದೇ ಇರಬೇಕು ಎಂದು ಅವರು ನಿಜವಾಗಿ ನಂಬಿಕೊಂಡರು.

ಎಡೆಯ ಹೊತ್ತಾಯಿತು. ಗುಣವತಿ ಫೋಟೋದ ಮುಂದೆ ಬಾಳೆಎಲೆ ಹಾಸಿ, ನೀರು ಚಿಮುಕಿಸಿ, ಬಟ್ಟಲುಗಳನ್ನೆಲ್ಲ ಸಾಲಾಗಿ ತಂದಿಟ್ಟಳು. ಸೌಟನ್ನು ಭಾವನ ಕೈಗೆ ಕೊಟ್ಟಳು.

"ಮಾವ, ಮೊದಲು ಯಾವದರಿ?"

ಮೈಕು ಹತ್ತಿರದಲ್ಲೇ ಇದ್ದುದರಿಂದ ಆ ಮಾತು ಗಲ್ಲಿಯ ಕೊನೆಯ ತನಕ ಕೇಳಿಸಿತು. ಜನ ಕತ್ತು ಉದ್ದ ಮಾಡಿದರು. ಅಂಬಣ್ಣ ಪಡವಲಕಾಯಿ ಸಾರಿನ ಕಡೆ ಸೌಟು ಒಯ್ದ. ಅಷ್ಟರಲ್ಲಿ ಕಣ್ಣು ಫೋಟೋದ ಮೇಲೆ ಬಿತ್ತು. ಎತ್ತಿದ ಆ ಕೈಯಲ್ಲಿ ಏನಿತ್ತೆಂದು, ಅಚ್ಚು ಹಾಕಿದ ಸುಬ್ಬಣ್ಣನನ್ನು ಬಿಟ್ಟರೆ, ಅಲ್ಲಿ ಗೊತ್ತಿದ್ದವನು ಅವನೊಬ್ಬನೇ. ಈ ದಿನವೂ ಅವಳು ಬಡಿಸುತ್ತಲೇ ನಿಂತಿದ್ದಳು. ಮೊದಲ ತುತ್ತು ತಪ್ಪಾದರೆ ಉಣ್ಣದೆ ಎದ್ದು ಹೋಗುತ್ತಾಳೆ. ಹೋದರೆ, ಆಕೆಯನ್ನು ಕರೆದು ಸರಿಯಾದ ದಾರಿ ತೋರಿಸುವವರು ಯಾರು?

ಸೌಟನ್ನು ಬಟ್ಟಲಿನಿಂದ ಹಿಂದಕ್ಕೆ ತೆಗೆದ.

"ನನಗ ಗೊತ್ತಿಲ್ಲ," ಎಂದ ಅಂಬಣ್ಣ.

ಮೈಕು ಅದನ್ನೂ ಗಲ್ಲಿಗೆ ಹೇಳಿತು. ಅಲ್ಲಿದ್ದವರು ಆ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಚಂದ್ರಹಾಸರು ಶಾಲಿನ ಮಡಿಕೆ ಬಿಚ್ಚಿ ಮತ್ತೆ ಮಡಿಚಿದರು.

"ಇವ್ಯಾವೂ ಆಕೀ ಮಾಡಿದ್ದಲ್ಲ. ಟಿವಿ ಒಳಗಿನ ಆಟದಾಗ ಇದ್ದುವು. ಆಕೀಗೆ ಏನು ಸೇರತಿತ್ತೋ ನನಗ ಗೊತ್ತಿಲ್ಲ, ಗುಣವ್ವ. ನಾ ಕೈ ತೊಳಕೊಂಡು ಎದ್ದು ಹೋದಮ್ಯಾಲೆ ಉಣ್ಣಾಕ ಕೂಡತಿದ್ದಳು. ನಾ ತಿರುಗಿ ನೋಡಲಿಲ್ಲ."

ಯಾರಾದರೂ ನಗುತ್ತಾರೆಂದು ಅವನು ಕಾದ. ಯಾರೂ ನಗಲಿಲ್ಲ. ಉಮಾಬಾಯಿ ತನ್ನ ಕಾಲಿನ ಹೆಬ್ಬೆರಳು ನೋಡುತ್ತಿದ್ದಳು. ಗಂಡಸರಲ್ಲಿ ಕೆಲವರು, ತಮ್ಮ ತಮ್ಮ ಮನೆಯ ಎಡೆಯ ಎಲೆ ಕಣ್ಣ ಮುಂದೆ ಬಂದವರಂತೆ, ಹೆಂಗಸರು ಕೂತ ಕಡೆ ಒಮ್ಮೆ ಹೊರಳಿ ನೋಡಿದರು.

ಗುಣವತಿ ಬಾಯಿಗೆ ಸೆರಗು ಹಚ್ಚಿಕೊಂಡಳು. ಆಮೇಲೆ, ನನಗೂ ಗೊತ್ತಿಲ್ಲ ಮಾವ, ಎಂದಳು. ತವರಿನಲ್ಲೂ ಅಕ್ಕ ಹಿರಿಯಳೆಂದು ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಉಣ್ಣುತ್ತಿದ್ದಳಂತೆ. ನಿಮಗಾದರೂ ಗೊತ್ತಿರುತ್ತದೆಂದು ಕೇಳಿದೆ ಎಂದಳು. ಸೌಟನ್ನು ಅವನ ಕೈಯಿಂದ ಇಸಿದುಕೊಂಡು, ಎಲ್ಲ ಬಟ್ಟಲಿನಿಂದಲೂ ಚೂರು ಚೂರು ತೆಗೆದು, ಯಾವುದೂ ಮೊದಲಾಗದಂತೆ ಎಲೆಯ ಮೇಲೆ ಒಟ್ಟಿಗೇ ಕಲಸಿಟ್ಟಳು. ಉಳಿದದ್ದನ್ನು ಉಂಡವಳಿಗೆ ಇದು ಗುರುತಿನ ಊಟವೇ ಆಯಿತೇನೋ. ಆದರೂ ಯಜಮಾನ ಬಡಿಸಲಿಲ್ಲ ಎಂಬುದು ಉಳಿಯಿತು.

ಜನ ತಲೆ ತಗ್ಗಿಸಿ ಉಂಡರು. ಬೆಂಕಿ ಅಣಬೆಗೂ ಯಾರೂ ಗೊಣಗಲಿಲ್ಲ. ಹೋಗುವಾಗ ಪೊಲೀಸಿನವನು ಅಂಬಣ್ಣನ ಭುಜ ಮುಟ್ಟಿ, ಆಣಿ ಸ್ವಲ್ಪ ಕಮ್ಮಿಯಾಗಿದೆ ಎಂದ. ಪಾಪ, ಕುಂಟುತ್ತಲೇ ಹೋದ.

ಶಾಮಿಯಾನ ಬಿಚ್ಚುವ ಹೊತ್ತಿಗೆ ಋಷಭ್ ಕೆಳಗೆ ಬಂದ. ಅವನ ಮುಖ ಸಣ್ಣದಾಗಿತ್ತು. ಅಮ್ಮ ಆಡಿದ ಆಟ ಹಾಗೇ ಇದೆ ಅಂಕಲ್, ಎಲ್ಲಿಗೆ ನಿಲ್ಲಿಸಿದ್ದರೋ ಅಲ್ಲಿಗೇ, ಎಂದ. ಪುಸ್ತಕಕ್ಕೆ ಪದಾರ್ಥಗಳನ್ನು ಓದಿ ಹೇಳುವಾಗ ತಾನು ಆಡಿದ್ದನ್ನು ತೆರೆದಿದ್ದನೇ ಹೊರತು ಅದನ್ನು ತೆರೆದಿರಲಿಲ್ಲ. ಆಕೆ ಬಿಟ್ಟ ಜಾಗವನ್ನು ಮುಟ್ಟಲು ಮನಸ್ಸು ಬಂದಿರಲಿಲ್ಲ. ಈಗ ಅಂಬಣ್ಣ ಒಪ್ಪಿದರೆ ತೆರೆಯುತ್ತೇನೆ ಎಂದ.

ಟಿವಿಯಲ್ಲಿ ಹಿಮ ಬೀಳುತ್ತಿತ್ತು. ಕೊಪ್ಪರಿಗೆಯ ಪಕ್ಕ ಕತ್ತಿಯ ಹೆಂಗಸು ನಿಂತಿದ್ದಳು. ಅವಳ ತಲೆಯ ಮೇಲಿನ ದೀಪ ಸಾಸಿವೆಯಷ್ಟು. ಗಂಟು ಹೊರುವ ಗಂಡಸು ಬಂಡೆಯ ಮೇಲೆ ಕೂತಿದ್ದ. ಅವನ ದೀಪ ಗೋಪುರದಂತೆ ಉರಿಯುತ್ತಿತ್ತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಅಂಬಣ್ಣ ಅದೇನೆಂದು ಕೇಳಿದ.

"ಅವನಿಗೆ ಒಂದು ಹೆಸರು ಇಡಬೇಕಿತ್ತು ಅಂಕಲ್. ನಿಮ್ಮ ಹೆಸರೇ ಇಡೋಣ್ವಾ ಅಂದೆ. ನಕ್ಕರು, ನಿಮ್ಮ ಹೆಸರು ಹೇಳಲೇ ಇಲ್ಲ. ‘ಇವ್ರು’ ಅಂತ ಹಾಕು ಅಂದ್ರು."

ಅಂಬಣ್ಣ ಬಂಡೆಯ ಮೇಲಿನ ಇವ್ರನ್ನು ನೋಡಿದ. ಚೆನ್ನಾಗಿ ಉಂಡ ಮೈ. ಮಾಡಿದ್ದನ್ನೆಲ್ಲ ಅವನಿಗೇ ಕೊಡುತ್ತಿದ್ದಳೇ ಎಂದು ಕೇಳುವ ಅಗತ್ಯವಿರಲಿಲ್ಲ. ಋಷಭ್ ತಾನಾಗಿಯೇ ಹೇಳಿದ. ದೀಪ ಆರಿಹೋಗುತ್ತೆ, ನೀವೂ ತಿನ್ನಿ ಅಮ್ಮ ಅಂತ ಎಷ್ಟೋ ಸಲ ಹೇಳಿದ್ದೆ, "ಅವರದಾಗಲಿ" ಅನ್ನೋರು, ಎಂದ.

ಹೊರಗೆ ಶಾಮಿಯಾನದ ಕೊಳವೆಗಳು ಒಂದರ ಮೇಲೊಂದು ಬೀಳುತ್ತಿದ್ದವು.

"ಈ ಮನಿಷ್ಯಾಗ ಆಕೀಗೆ ಮಾಡಿ ಹಾಕಾಕ ಬರತೈತೇನು?"

ಬರುತ್ತದೆ ಎಂದ ಋಷಭ್. ಒಂದು ಗುಂಡಿ ಒತ್ತಿದರೆ ನಾವು ಅವನಾಗುತ್ತೇವೆ. ಅಮ್ಮ ಅದನ್ನು ಯಾವತ್ತೂ ಒತ್ತಿರಲಿಲ್ಲ. ಅವನು ಜಾಯ್‌ಸ್ಟಿಕ್ಕನ್ನು ಕೊಟ್ಟಾಗ ಅಂಬಣ್ಣ ಅದನ್ನು ತಾಂಬೂಲದ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ. ಇವ್ರು ಬಂಡೆಯಿಂದ ಎದ್ದ. ಎದ್ದವನು ಮೊದಲು ಮರಕ್ಕೆ ಹಾಯ್ದ, ಆಮೇಲೆ ಹಳ್ಳದಲ್ಲಿ ಬಿದ್ದ. ಎಡಕ್ಕೆ ಅಂಕಲ್, ಬಲಕ್ಕೆ ಅಂಕಲ್, ಎಂದು ಋಷಭ್ ದಾರಿ ಹೇಳಿದ. ಜೀವಮಾನದಲ್ಲಿ ಮೊದಲ ಸಲ ಅಂಬಣ್ಣ ಇನ್ನೊಬ್ಬರು ಹೇಳಿದ ದಾರಿಯಲ್ಲಿ ನಡೆದ. ಗಂಟಿನಲ್ಲಿ ಒಂದು ಹಿಡಿ ಹಿಟ್ಟು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಅದನ್ನೇ ಕೊಪ್ಪರಿಗೆಗೆ ಹಾಕಿ, ಯಾವಾಗ ತೆಗೆಯಬೇಕೆಂದು ತಿಳಿಯದೆ ನೋಡುತ್ತ ಕೂತ. ಕರ್ರಗೆ ಹೊಗೆ ಎದ್ದಿತು.

"ಸೀದುಹೋಯ್ತು ಅಂಕಲ್. ಬೇರೆ ಏನಾದ್ರೂ ಹುಡುಕಿ ಮಾಡೋಣ."

"ಇರಲಿ. ಕೊಡೋದು ಹ್ಯಾಂಗ, ಅದನ್ನ ಹೇಳು."

ಇವ್ರು ಸೀದ ರೊಟ್ಟಿಯನ್ನು ಚಾಚಿದ. ಕತ್ತಿಯ ಹೆಂಗಸು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬೆಂಕಿಯ ಮುಂದೆ ಕಾಲು ಮಡಿಚಿ ಕೂತು, ಮುರಿದು ತಿನ್ನತೊಡಗಿದಳು. ಅಂಬಣ್ಣ ಟಿವಿಗೆ ಮುಖ ಹತ್ತುವಷ್ಟು ಹತ್ತಿರ ಸರಿದು ಅವಳ ಮುಖ ನೋಡಿದ. ತಲೆಯ ಮೇಲಿನ ದೀಪ ಒಂದು ಎಳೆಯಷ್ಟು ಮೇಲೆದ್ದಿತು.

ಬೆಳಗಿನಿಂದ ಭಾವ ಏನೂ ಉಂಡಿಲ್ಲವೆಂದು ಗುಣವತಿ ತಾಟು ಬಡಿಸಿ ತಂದು ಪಕ್ಕದಲ್ಲಿಟ್ಟಳು. ಆರತೈತಿ ಮಾವ, ಉಣ್ರಿ, ಎಂದಳು.

ಅಂಬಣ್ಣ ಟಿವಿಯಿಂದ ಕಣ್ಣು ಕೀಳಲಿಲ್ಲ. ತಾಟನ್ನು ಮೆಲ್ಲಗೆ ಬದಿಗೆ ಸರಿಸಿದ.

"ಆಕೀದಾಗಲಿ," ಎಂದ.